ಟೋಕನ್ ಚಿನ್ನ ಕೊಳ್ಳುವ ಮುಂಚೆ ಮಾರುವ ದರ ನೋಡಿ

ಮೂಡಿಗೆರೆ ಕಡೆಯ ನಮ್ಮ ಬೆಳೆಗಾರರಲ್ಲಿ ಇನ್ನೂ ಕೆಲವರು ಟೋಕನ್ ಚಿನ್ನಕ್ಕೆ, ಅಂದರೆ ಚಿನ್ನದ ದರಕ್ಕೆ ಕಟ್ಟಿದ ಕ್ರಿಪ್ಟೋ ಟೋಕನ್‌ಗೆ, ದುಡ್ಡು ಹಾಕಲು ಹೊರಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ಮಾರಿದ ದುಡ್ಡಲ್ಲಿ ಒಂದು ಲಕ್ಷ ಉಳಿದಿತ್ತು. ಗೊಬ್ಬರದ ಖರ್ಚು ಬರುವುದು ಮೇ ತಿಂಗಳಿಗೆ. ಅಲ್ಲಿಯವರೆಗೆ ಇರಲಿ ಅಂತ ಒಂದು ಆ್ಯಪ್‌ನಲ್ಲಿ ಟೋಕನ್ ರೂಪದ ಚಿನ್ನ ಕೊಂಡೆ. ‘ಬ್ರೋಕರೇಜ್ ಇಲ್ಲ’ ಅಂತ ದೊಡ್ಡದಾಗಿ ಬರೆದಿತ್ತು.

ಮೂರೇ ವಾರಕ್ಕೆ ಸ್ಪ್ರಿಂಕ್ಲರ್ ಮೋಟರ್ ಸುಟ್ಟಿತು. ಹೂವಿಗೆ ನೀರು ಕೊಡುವ ಹೊತ್ತು, ಕಾಯುವ ಹಾಗಿಲ್ಲ. ಎಲ್ಲ ಮಾರಿದೆ. ಚಿನ್ನದ ದರ ಹೆಚ್ಚುಕಡಿಮೆ ಕೊಂಡಾಗಿನಷ್ಟೇ ಇತ್ತು. ಆದರೂ ಬ್ಯಾಂಕಿಗೆ ಬಂದದ್ದು 90,492 ರೂಪಾಯಿ.

ರಾತ್ರಿ ಕೂತು ಲೆಕ್ಕ ಬಿಡಿಸಿದೆ. ಆ ಆ್ಯಪ್‌ನಲ್ಲಿ ರೂಪಾಯಿಯಿಂದ ನೇರವಾಗಿ ಚಿನ್ನ ಸಿಗುವುದಿಲ್ಲ. ಮೊದಲು ಡಾಲರ್ ಬೆಲೆಗೆ ಕಟ್ಟಿದ ಸ್ಟೇಬಲ್‌ಕಾಯಿನ್ ಎಂಬ ಕ್ರಿಪ್ಟೋ ಕೊಳ್ಳಬೇಕು. ನಾನು ಒಂದು ಕಾಯಿನ್ ಕೊಂಡದ್ದು 90 ರೂಪಾಯಿಗೆ, ಮಾರಿದ್ದು 87ಕ್ಕೆ. ಈ 3 ರೂಪಾಯಿ ಯಾವ ಬಿಲ್ಲಿನಲ್ಲೂ ಶುಲ್ಕ ಅಂತ ಕಾಣುವುದಿಲ್ಲ. ಅದೊಂದರಲ್ಲೇ ಮೂರು ಸಾವಿರಕ್ಕಿಂತ ಜಾಸ್ತಿ ಹೋಯಿತು! ಅದರ ಮೇಲೆ ಕೊಳ್ಳುವಾಗ, ಮಾರುವಾಗ ಅರ್ಧ ಪರ್ಸೆಂಟ್ ‘ಪ್ಲಾಟ್‌ಫಾರ್ಮ್ ಶುಲ್ಕ’. ಕಾಯಿನ್‌ನಿಂದ ಚಿನ್ನಕ್ಕೆ ಬದಲಿಸಲು 1 ಪರ್ಸೆಂಟ್, ವಾಪಸ್ ಬದಲಿಸಲು ಇನ್ನೊಂದು. ಪ್ರತಿ ಶುಲ್ಕಕ್ಕೂ 18 ಪರ್ಸೆಂಟ್ ಜಿಎಸ್‌ಟಿ.

ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಬೇರೆ. ಕ್ರಿಪ್ಟೋ ಮಾರಾಟಕ್ಕೆ 2022ರ ಜುಲೈನಿಂದ 1 ಪರ್ಸೆಂಟ್ ಹಿಡಿಯುತ್ತಾರೆ. ರೂಪಾಯಿ ಮಾಡಿಕೊಂಡಾಗ ಮಾತ್ರ ಅಂದುಕೊಂಡಿದ್ದೆ. ಒಂದು ಟೋಕನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ಮಾರಾಟವೇ. ಹಾಗಾಗಿ ಕಾಯಿನ್‌ನಿಂದ ಚಿನ್ನಕ್ಕೆ, ಚಿನ್ನದಿಂದ ಕಾಯಿನ್‌ಗೆ, ಕಾಯಿನ್‌ನಿಂದ ರೂಪಾಯಿಗೆ, ಹೀಗೆ ನನಗೆ ಮೂರು ಸಲ ಹಿಡಿದರು, ಸುಮಾರು 2,850 ರೂಪಾಯಿ. ಇದು ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ ಟಿಡಿಎಸ್ ಪಟ್ಟಿಯಲ್ಲಿ ನೋಡಿಕೊಳ್ಳಿ. ಉಳಿದ ಆರೂವರೆ ಸಾವಿರಕ್ಕೂ ಹೆಚ್ಚು ಹೋದದ್ದು ಹೋಯಿತು. ಲಾಭ ಬಂದರೆ 30 ಪರ್ಸೆಂಟ್ ತೆರಿಗೆ, ಆಗ ಈ ಶುಲ್ಕಗಳನ್ನು ಖರ್ಚು ಅಂತ ಕಳೆಯುವಂತಿಲ್ಲ. ನಷ್ಟವಾದರೆ ಬೇರೆ ಆದಾಯದಲ್ಲಿ ಹೊಂದಿಸುವಂತೆಯೂ ಇಲ್ಲ.

ಕಾಫಿ ಮಾರುವಾಗ ನಾವು ಎದುರಿಗೇ ನಿಂತು ಔಟ್‌ಟರ್ನ್ (ಒಣ ಕಾಯಿಗೆ ಎಷ್ಟು ಬೀಜ ಬಂತು ಅಂತ) ನೋಡುತ್ತೇವೆ, ಚೀಲದ ತೂಕ ಎಷ್ಟು ಕಳೆದರು ಅಂತ ಕೇಳುತ್ತೇವೆ ಅಲ್ವಾ? ಇಲ್ಲೂ ಹಾಗೇ ಕೇಳಿ. ದುಡ್ಡು ಹಾಕುವ ಮೊದಲು ಒಂದೇ ನಿಮಿಷದಲ್ಲಿ ಕೊಳ್ಳುವ ದರ, ಮಾರುವ ದರ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಸಾವಿರ ರೂಪಾಯಿ ಮಾತ್ರ ಹಾಕಿ, ಅದೇ ದಿನ ಪೂರ್ತಿ ವಾಪಸ್ ತೆಗೆದು, ಬ್ಯಾಂಕಿಗೆ ಎಷ್ಟು ಬಂತು ಅಂತ ಎಣಿಸಿ.