ಬದಿಯಡ್ಕದ ಬೇಕರಿಯೊಂದರ ಬಣ್ಣ ಹಾಕದ ಹಲ್ವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಈ ಸಣ್ಣ ಬೇಕರಿಯ ಬೆಲ್ಲದ ಹಲ್ವಕ್ಕೆ ಕೃತಕ ಬಣ್ಣ ಹಾಕುವುದಿಲ್ಲ. ಬೆಲ್ಲದ ಪಾಕ ತೆಂಗಿನೆಣ್ಣೆಯಲ್ಲಿ ಕುದಿದು ಬಂದ ಕಡುಗಂದು ಬಣ್ಣವಷ್ಟೇ ಅದರದು. ಕೊಯ್ದ ತುಂಡು ಬೆರಳಿಗೆ ತುಸು ಜಿಡ್ಡು ಹತ್ತಿಸಿದರೂ ಹಲ್ಲಿಗೆ ಅಂಟುವುದಿಲ್ಲ. ಏಲಕ್ಕಿ ಮಾತ್ರ ಸ್ವಲ್ಪ ಹೆಚ್ಚೆನಿಸಿತು.

ಕಾಮಾಲೆ ಬಂದು ಗುಣವಾದವರು ಮನೆಯಲ್ಲಿರುವುದರಿಂದ ನಾನು ತಿಂಡಿಯ ಬಣ್ಣವನ್ನು ವಿಚಾರಿಸಿಯೇ ಕೊಳ್ಳುತ್ತೇನೆ. ಕಾಮಾಲೆ ಹೆಚ್ಚಾಗಿ ಯಕೃತ್ತು, ಪಿತ್ತರಸಗಳಿಗೆ ಸಂಬಂಧಿಸಿದ್ದು. ಯಕೃತ್ತಿನ ಜೀವಕೋಶಗಳು ಪಿತ್ತರಸದ ಮುಖ್ಯ ಅಂಶವಾದ ಪಿತ್ತಲವಣಗಳನ್ನು ಸೂಕ್ಷ್ಮ ನಾಳಗಳಿಗೆ ಹೊರಹಾಕಿದಾಗ ಅವುಗಳ ಹಿಂದೆಯೇ ನೀರೂ ಸೇರಿ ಪಿತ್ತರಸ ಹರಿಯುತ್ತದೆ. ಕೆಲವು ಬಣ್ಣಗಳೂ ರಕ್ತದಿಂದ ಯಕೃತ್ತನ್ನು ಹೊಕ್ಕು ಪಿತ್ತರಸದ ಮೂಲಕವೇ ಹೊರಹೋಗುತ್ತವೆ. ಈ ಗುಣವನ್ನು ಬಳಸಿಕೊಂಡು ವೈದ್ಯರು ಹಿಂದೆ ಬ್ರೋಮ್‌ಸಲ್ಫ್‌ಥ್ಯಾಲೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ, 45 ನಿಮಿಷಗಳ ಬಳಿಕ ಅದರಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ರಕ್ತದಲ್ಲೇ ಉಳಿದಿದ್ದರೆ ಯಕೃತ್ತಿನ ಕೆಲಸ ಕುಂದಿದೆ ಎಂದು ತಿಳಿಯುತ್ತಿದ್ದರು. ರೋಸ್ ಬೆಂಗಾಲ್ ಕೂಡ ಅಂತಹ ಪರೀಕ್ಷೆಗೆ ಬಳಕೆಯಾದ ಬಣ್ಣವೇ. ಪ್ರಾಣಿಗಳಿಗೆ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಚುಚ್ಚಿದಾಗ ಪಿತ್ತರಸದ ಹರಿವೇ ಕುಗ್ಗಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಬೇಕರಿಯ ಕೆಂಪು ಚೆರಿಗೆ ಬಳಸುವ ಎರಿತ್ರೋಸಿನ್, ಅಂದರೆ ಡಬ್ಬಿಯ ಮೇಲಿನ 127ನೇ ಸಂಖ್ಯೆಯ ಬಣ್ಣ, ರೋಸ್ ಬೆಂಗಾಲ್‌ನ ಹತ್ತಿರದ ಬಂಧು. ಎರಡರಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ, ರೋಸ್ ಬೆಂಗಾಲ್‌ನಲ್ಲಿ ನಾಲ್ಕು ಕ್ಲೋರಿನ್ ಹೆಚ್ಚಿಗೆ ಇವೆ. ಹಾಗೆಂದು ಚೆರಿ ತಿಂದವರ ಪಿತ್ತ ಕಟ್ಟುತ್ತದೆ ಎಂದು ಹೇಳುವುದು ತಪ್ಪಾದೀತು, ಏಕೆಂದರೆ ತಿಂದ ಎರಿತ್ರೋಸಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಮತ್ತು ನಮ್ಮಲ್ಲಿ ಅದು ಮಿತಿಯೊಳಗೆ ಬಳಸಲು ಅನುಮತಿಯಿರುವ ಬಣ್ಣ. ನನಗಿರುವ ನಿಜವಾದ ಅಂಜಿಕೆ ಅನುಮತಿಯೇ ಇಲ್ಲದ ಮೆಟಾನಿಲ್ ಯೆಲ್ಲೋ, ರೋಡಮಿನ್ ಬಿ ಬಣ್ಣಗಳದ್ದು. 2024ರಲ್ಲಿ ತಮಿಳುನಾಡು, ಕರ್ನಾಟಕ ಸರ್ಕಾರಗಳು ಬಣ್ಣದ ಬೊಂಬಾಯಿ ಮಿಠಾಯಿಯನ್ನು (ಕಾಟನ್ ಕ್ಯಾಂಡಿ) ತಡೆದದ್ದು ರೋಡಮಿನ್ ಬಿ ಸಿಕ್ಕಿದ್ದರಿಂದ.

ಈ ಅಂಗಡಿಯವರು ಕೇಳಿದ ಕೂಡಲೇ ಚೆರಿಯ ಡಬ್ಬಿಯನ್ನು ತಂದು, "ಓದಿ ನೋಡಿ ಅಣ್ಣಾ, ಬಣ್ಣ ಇರುವುದೆಲ್ಲ ಈ ಕಪಾಟಿನಲ್ಲಿ ಮಾತ್ರ" ಎಂದು ಬೇರೆಯಾಗಿಯೇ ಇಟ್ಟಿದ್ದ ಕೇಕುಗಳನ್ನು ತೋರಿಸಿದರು. ಅಷ್ಟು ನೇರವಾಗಿ ಉತ್ತರ ಕೊಡುವ ಅಂಗಡಿ ಅಪರೂಪ. ಆದರೆ ಹಲ್ವದ ಪೊಟ್ಟಣದ ಚೀಟಿ ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ಇದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಇಷ್ಟೊಂದು ಮಂದಿ ಇರುವ ಊರಿನಲ್ಲಿ ಕನ್ನಡದ ಎರಡು ಸಾಲು ಸೇರಿಸಲೇಬೇಕು. ಬೆಲೆ ಬಣ್ಣದ ಹಲ್ವಕ್ಕಿಂತ ತುಸು ಹೆಚ್ಚು. ಸಂಜೆಯ ಹೊತ್ತಿಗೆ ಖಾಲಿಯಾಗುವುದರಿಂದ ಮಧ್ಯಾಹ್ನದೊಳಗೆ ಹೋಗುವುದು ಒಳ್ಳೆಯದು.