ಅಪ್ಪನ 1979ರ ಯೆಜ್ಡಿ, 11 ವರ್ಷದ ನಂತರ: ಎಂಜಿನ್ ಬಿಚ್ಚಿಸಿದೆ, ಬಣ್ಣ ಮುಟ್ಟಿಸಲಿಲ್ಲ

ಗಾಡಿ: ಯೆಜ್ಡಿ 250 ಕ್ಲಾಸಿಕ್ ಬೈಕ್, 1979ರದ್ದು. ನನ್ನ ಕೈಗೆ ಬಂದಿದ್ದು 2014ರಲ್ಲಿ. ಅಲ್ಲಿಂದ ಇಲ್ಲಿಗೆ ಸುಮಾರು 26,000 ಕಿ.ಮೀ. ಓಡಿಸಿದ್ದೇನೆ. ಹೆಚ್ಚಾಗಿ ಅರಸೀಕೆರೆ ಸುತ್ತಮುತ್ತ, ವರ್ಷಕ್ಕೆ ಒಂದೆರಡು ಸಲ ಮೈಸೂರು, ಚಿಕ್ಕಮಗಳೂರು.

ಮನೆಯಲ್ಲಿ ಹಳೇ ಗಾಡಿ ಇದೆ, ಪೂರ್ತಿ ಬಿಚ್ಚಿಸಿ ಹೊಸದರ ಹಾಗೆ ಮಾಡಿಸಲಾ, ಇಲ್ಲ ಇದ್ದ ಹಾಗೇ ಓಡಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್, ಬ್ರೇಕ್, ವೈರಿಂಗ್, ಟೈರು ಇವಕ್ಕೆ ಎಷ್ಟು ಬೇಕೋ ಅಷ್ಟು ದುಡ್ಡು ಹಾಕಿ, ಕೈ ಬಿಗಿ ಮಾಡಬೇಡಿ. ಬಣ್ಣಕ್ಕೆ ಕೈ ಹಾಕೋ ಮುಂಚೆ ಮಾತ್ರ ಒಂದು ವರ್ಷ ಗಾಡಿ ಓಡಿಸಿ ನೋಡಿ. ಆ ಒಂದು ವರ್ಷ ನಾನು ಕಾಯಲಿಲ್ಲ. ಅದರಿಂದ ಏನು ಕಳೆದುಕೊಂಡೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಅಪ್ಪ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕೋಕೆ ಹಳ್ಳಿ ಹಳ್ಳಿ ತಿರುಗೋ ಕೆಲಸ. ಕ್ಯಾರಿಯರ್ ಮೇಲೆ ಐಸ್ ಡಬ್ಬ, ಅದಕ್ಕೆ ಸೈಕಲ್ ಟ್ಯೂಬ್ ಸೀಳಿ ಮಾಡಿದ ಹಗ್ಗ. ಆ ಹಗ್ಗ ಎಳೆದು ಕಟ್ಟುತ್ತಿದ್ದ ಜಾಗದಲ್ಲಿ, ಹಿಂದಿನ ಮಡ್‌ಗಾರ್ಡ್‌ನ ಅಂಚಿನಲ್ಲಿ, ಬಣ್ಣ ಪೂರ್ತಿ ಸವೆದಿದೆ. ಎರಡೂ ಕಡೆ ಹೆಬ್ಬೆರಳಿನ ಅಗಲ. ಮೊದಲು ಮರೂನ್, ಆಮೇಲೆ ಪ್ರೈಮರ್, ನಡುವೆ ಬರೀ ಕಬ್ಬಿಣ. ಮುಟ್ಟಿದರೆ ನುಣ್ಣಗಿದೆ. ಅಷ್ಟು ನುಣ್ಣಗೆ ಯಾವ ಪಾಲಿಶ್ ಪೇಪರ್ ಉಜ್ಜಿದರೂ ಆಗಲ್ಲ. ಟ್ಯಾಂಕಿನ ಮುಚ್ಚಳದ ಕೆಳಗೆ ಇನ್ನೊಂದು ಗುರುತು. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕುವಾಗ ಚೆಲ್ಲಿ ಚೆಲ್ಲಿ, ನಾಲ್ಕು ಬೆರಳಗಲ ಬಣ್ಣ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ.

2011ರಲ್ಲಿ ಅಪ್ಪ ಹೋದ ಮೇಲೆ ಗಾಡಿ ಮೂರು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. 2014ರಲ್ಲಿ ನಾನು ಹೊರಗೆ ತಂದೆ. ಪ್ಲಗ್ ಒರೆಸಿ, ಪಾಯಿಂಟ್ ಉಜ್ಜಿ, ಹೊಸ ಪೆಟ್ರೋಲ್ ಹಾಕಿ ಒದ್ದರೆ ಏಳನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆ ಖುಷಿಯಲ್ಲಿ ಸೀದಾ ಹಾಸನದ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಲಾಕ್ ಆದ ಹಾಗೆ ಎಳೆಯಿತು. ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿದೆ. ಪಿಸ್ಟನ್ ಬೋರ್‌ಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ಕಚ್ಚಿಕೊಂಡಿತ್ತು.

ಹಳೇ ಟೂ ಸ್ಟ್ರೋಕ್ ಇಟ್ಟುಕೊಂಡವರು ಇದರ ಕಾರಣ ಸರಿಯಾಗಿ ತಿಳಿದಿರಬೇಕು. ಈ ಎಂಜಿನ್‌ಗೆ ಬೇರೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲ್ ಜೊತೆ ಬೆರೆತ ಆಯಿಲ್ಲೇ ಕ್ರ್ಯಾಂಕ್ (ಪಿಸ್ಟನ್ ಏರಿಳಿದಂತೆ ತಿರುಗುವ ದಂಡ) ಮೂಲಕ ಹೋಗಿ ಎಲ್ಲವನ್ನೂ ನೆನೆಸಬೇಕು. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ರಬ್ಬರ್ ಸೀಲ್ ಇರುತ್ತದೆ. ಗಾಡಿ ವರ್ಷಗಟ್ಟಲೆ ನಿಂತರೆ ಆ ಸೀಲ್ ಗಟ್ಟಿಯಾಗಿ ಸೀಳು ಬಿಡುತ್ತದೆ. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅದರ ಜೊತೆ ಆಯಿಲ್ಲೂ ಕಮ್ಮಿ. ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದ್ದರೆ ಮೊದಲು ಈ ಸೀಲ್ ಮೇಲೆ ಅನುಮಾನ ಪಡಿ. ನನ್ನ ಗಾಡಿ ಅವತ್ತು ಬೆಳಿಗ್ಗೆಯಿಂದಲೇ ಹಾಗೆ ಕೂಗುತ್ತಿತ್ತು. ನನಗೆ ಗೊತ್ತಾಗಲಿಲ್ಲ.

ನಮ್ಮೂರಲ್ಲಿ ಯೆಜ್ಡಿ ಕೈ ಪಳಗಿದ ಒಬ್ಬರು ಮೆಕ್ಯಾನಿಕ್ ಸಾಬರಿದ್ದಾರೆ. ಅಪ್ಪನ ಕಾಲದಿಂದಲೂ ಈ ಗಾಡಿ ಅವರ ಕೈಯಲ್ಲೇ. ಅವರು ಎಂಜಿನ್ ಇಳಿಸಿ, ಬಿಚ್ಚಿ, ಒಂದೊಂದೇ ಸಾಮಾನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್, ಹೊಸ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಬೇರಿಂಗ್, ಸೀಲ್, ಕ್ಲಚ್ ಪ್ಲೇಟ್, ಚೈನು. ಸಾಮಾನು ಕೆಲವು ಮೈಸೂರಲ್ಲಿ ಸಿಕ್ಕವು, ಕೆಲವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಎಲ್ಲ ಸೇರಿ ಆಗ ನನಗೆ 21,000 ರೂಪಾಯಿ ಆಯಿತು. ಈ 11 ವರ್ಷದಲ್ಲಿ ಆ ಎಂಜಿನ್ ಮತ್ತೆ ಬಿಚ್ಚಿಲ್ಲ. ಈ ಗಾಡಿಗೆ ಹಾಕಿದ ದುಡ್ಡಲ್ಲಿ ಅತಿ ಸಾರ್ಥಕ ಆಗಿದ್ದು ಅದೇ.

ಎಂಜಿನ್ ಮುಗಿದ ಮೇಲೆ ಬಣ್ಣದ ಮಾತು ಬಂತು. ಮೊದಲು ಎತ್ತಿದ್ದು ಅಮ್ಮ.

"ಅದೇನೋ ಹಂಗೇ ತುಕ್ಕು ಹಿಡಿಸ್ಕೊಂಡು ಓಡಾಡ್ತೀಯ? ನಿಮ್ಮಪ್ಪ ಭಾನುವಾರ ಬಂದ್ರೆ ಬಟ್ಟೆ ಹಿಡ್ಕೊಂಡು ಕೂತ್ಬಿಡೋರು. ಮುಖ ಕಾಣ್ಬೇಕು ಹಂಗೆ ಉಜ್ಜೋರು."

ಅಮ್ಮ ಹೇಳಿದ್ದು ನಿಜ. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಹಳೇ ಬಣ್ಣ ಉಳಿಸಿದರೆ ಅಪ್ಪನ ಗುರುತು ಉಳಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಅಪ್ಪನಿಗೆ ಬೇಕಿದ್ದದ್ದು ಮಾಸಿದ ಗಾಡಿ ಅಲ್ಲವಲ್ಲ. ಅವರಿಗೆ ಅದು ಹೊಳೆಯಬೇಕಿತ್ತು. ಹಾಗಾದರೆ ಹೊಸ ಬಣ್ಣ ಹೊಡೆಸೋದೇ ಸರಿ ಅಲ್ವಾ ಅನ್ನಿಸಿತು.

ಅದಕ್ಕೇ ಹಳೇ ಗಾಡಿಗಳನ್ನೇ ಮಾಡುವ ಒಂದು ಅಂಗಡಿಗೆ ಹೋದೆ. ಯಾವ ಊರು, ಯಾರ ಅಂಗಡಿ ಅಂತ ಇಲ್ಲಿ ಬೇಡ. ಬಣ್ಣ ಹೊಂದಿಸೋಕೆ ಒಂದು ಸ್ಯಾಂಪಲ್ ಕೊಡಿ ಅಂದರು. ಎಡಗಡೆ ಸೈಡ್ ಬಾಕ್ಸ್ (ಸೀಟಿನ ಕೆಳಗೆ ಪಕ್ಕದಲ್ಲಿರುವ ತಗಡಿನ ಪೆಟ್ಟಿಗೆ) ಬಿಚ್ಚಿ ಕೊಟ್ಟು ಬಂದೆ. ಇದನ್ನು ನೋಡಿ ಬಣ್ಣ ಕಲಸಿ ತೋರಿಸಿ, ಅಷ್ಟೇ, ಇದನ್ನು ಮುಟ್ಟಬೇಡಿ ಅಂತ ಹೇಳಿದ್ದೆ. ಹತ್ತು ದಿನ ಬಿಟ್ಟು ಹೋದರೆ ಬಾಕ್ಸ್ ಬರೀ ತಗಡಾಗುವ ತನಕ ಉಜ್ಜಿ, ಪುಟ್ಟಿ ಹಾಕಿ, ಮಿಂಚುವ ಮರೂನ್ ಬಣ್ಣ ಹೊಡೆದು ಇಟ್ಟಿದ್ದರು.

ಆ ಬಾಕ್ಸ್ ಮೇಲೆ "ಶ್ರೀ ಜೇನುಕಲ್ ಸಿದ್ದೇಶ್ವರ ಪ್ರಸನ್ನ" ಅಂತ ಬರೆದಿತ್ತು. 1979ರಲ್ಲಿ ಗಾಡಿ ತಂದ ವಾರವೇ ಅಪ್ಪ ಊರಿನ ಬೋರ್ಡ್ ಬರೆಯುವವರ ಹತ್ತಿರ ಹಳದಿ ಬಣ್ಣದಲ್ಲಿ ಬರೆಸಿದ್ದರಂತೆ. ಎರಡೂ ಬಾಕ್ಸ್ ಮೇಲೆ ಒಂದೇ ಸಾಲು. ಬಲಗಡೆಯದು ಈಗಲೂ ಇದೆ. 'ಸಿದ್ದೇಶ್ವರ'ದ ಕೊನೆಯ 'ರ' ಅಕ್ಷರಕ್ಕೆ ಬರುವ ಹೊತ್ತಿಗೆ ಬ್ರಷ್‌ನಲ್ಲಿ ಬಣ್ಣ ತೀರಿದೆ, ಮತ್ತೆ ಅದ್ದಿಕೊಂಡು 'ಪ್ರ' ಬರೆದಿದ್ದಾರೆ. 'ರ' ತೆಳ್ಳಗೆ, 'ಪ್ರ' ದಪ್ಪಗೆ. ಎಡಗಡೆಯದರಲ್ಲಿ ಇಂಥದ್ದೇನಿತ್ತು ಅಂತ ನಾನು ಒಂದು ದಿನವೂ ಕೂತು ನೋಡಿರಲಿಲ್ಲ. ಒಂದು ಫೋಟೋ ಕೂಡ ತೆಗೆದಿಟ್ಟಿರಲಿಲ್ಲ.

ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಬಾಕ್ಸ್ ತಿರುಗಿಸಿ ನೋಡಿದರು. "ದೇವರ ಹೆಸರು ಎಲ್ಲೋಯ್ತು?" ಅಂದರು. ಆಮೇಲೆ ಬಣ್ಣದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಬಾಕ್ಸನ್ನು ಹಾಗೇ ಹಾಕಿಕೊಂಡು ಓಡಿಸುತ್ತಿದ್ದೇನೆ. ಮತ್ತೆ ಹಳೇದರ ಹಾಗೆ ಬರೆಸೋಕೆ ಮನಸ್ಸಾಗಲಿಲ್ಲ.

ಅಪ್ಪ ಭಾನುವಾರ ಮಾಡುತ್ತಿದ್ದ ಕೆಲಸವನ್ನು ಮಾತ್ರ ನಾನೂ ಹಿಡಿದೆ. ಇರುವ ಬಣ್ಣವನ್ನೇ ಉಳಿಸಿಕೊಳ್ಳೋದು. ತೊಳೆಯೋಕೆ ತಣ್ಣೀರು, ಸ್ವಲ್ಪ ಶಾಂಪೂ. ಪ್ರೆಶರ್ ವಾಶ್ ಯಾವತ್ತೂ ಇಲ್ಲ, ಎದ್ದ ಬಣ್ಣದ ಅಡಿ ನೀರು ನುಗ್ಗಿ ಹಕ್ಕಳೆ ಕಿತ್ತು ಬರುತ್ತದೆ. ಒಣಗಿದ ಮೇಲೆ ತಿಂಗಳಿಗೊಮ್ಮೆ ವ್ಯಾಕ್ಸ್. ಬರೀ ಕಬ್ಬಿಣ ಕಾಣುವ ಕಡೆ ಆಯಿಲ್ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮಳೆಗಾಲ ಕಳೆಯುತ್ತದೆ. ಕ್ರೋಮ್‌ಗೆ ನಾನು ಹಚ್ಚೋದು ಕೊಬ್ಬರಿ ಎಣ್ಣೆ. ನಮ್ಮ ಸೀಮೆಯಲ್ಲಿ ಅದಕ್ಕೇನು ಬರ ಇಲ್ಲ. ಹೊಸದರ ಹಾಗೆ ಮಿಂಚಲ್ಲ, ಆದರೆ 11 ವರ್ಷದಲ್ಲಿ ತುಕ್ಕು ಒಂದು ಬೆರಳಷ್ಟೂ ಮುಂದೆ ಹೋಗಿಲ್ಲ.

ಎಲ್ಲವನ್ನೂ ಹಾಗೇ ಬಿಟ್ಟೆ ಅಂತಲ್ಲ. ಹಿಂದಿನ ರಿಮ್ ಒಳಗಿಂದ ತುಕ್ಕು ತಿಂದು ಸ್ಪೋಕ್ ಬುಡ ಸಡಿಲ ಆಗಿತ್ತು, ಬದಲಾಯಿಸಿದೆ. ಅಂಥ ಕಡೆ ಹಳೇದು ಅಂತ ಮಮತೆ ಇಟ್ಟುಕೊಂಡರೆ ಜೀವಕ್ಕೆ ಅಪಾಯ. ವೈರಿಂಗ್ ಪೂರ್ತಿ ಹೊಸದು. ಬ್ರೇಕ್ ಶೂ, ಕೇಬಲ್ ಹೊಸವು. ಸೈಲೆನ್ಸರ್ ಒಂದು ಜೊತೆ ಬದಲಾಯಿಸಿದ್ದೇನೆ, ಅದರ ಕ್ರೋಮ್ ಎರಡೇ ವರ್ಷಕ್ಕೆ ಚುಕ್ಕಿ ಬಿಟ್ಟಿತು. ಕಾರ್ಖಾನೆಯ ಹಳೇ ಜೊತೆಯನ್ನು ಆಮೇಲೆ ಸಾಬರು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಒಳಗಿನ ಮಸಿ ತೆಗೆದು, ತೂತು ಬಿದ್ದ ಕಡೆ ಬೆಸುಗೆ ಹಾಕಿ ಕೊಟ್ಟರು. ಈಗ ಅದೇ ಓಡುತ್ತಿದೆ, ಶಬ್ದವೂ ಅದರದ್ದೇ ಚೆನ್ನ. ಹೊಸ ಸಾಮಾನು ಹಾಕಿದಾಗ ಹಳೇದನ್ನು ಗುಜರಿಗೆ ಹಾಕಬೇಡಿ.

ದಿನಬಳಕೆಯಲ್ಲಿ ಹೇಗಿದೆ ಅಂದರೆ, ಮೈಲೇಜ್ ನನಗೆ ಲೀಟರ್‌ಗೆ 30ರಿಂದ 33. ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸುತ್ತೇನೆ. 60ರ ವೇಗದಲ್ಲಿ ಇಡೀ ದಿನ ಓಡಿಸಬಹುದು. ಗೇರ್ ಲಿವರ್ರೇ ಕಿಕ್ಕರ್, ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಆಯಿತು. ಗೇರ್ ಹಾಕುವಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇದೆ, ಕೈಯಲ್ಲಿ ಹಿಡಿಯಲೇಬೇಕು ಅಂತಿಲ್ಲ. ನನ್ನ ಗಾಡಿಯಲ್ಲಿ ಅದು ಇವತ್ತಿಗೂ ಕೆಲಸ ಮಾಡುತ್ತದೆ. ತುಂಬಾ ಕಡೆ ಮೆಕ್ಯಾನಿಕ್‌ಗಳು ಅದನ್ನು ತೆಗೆದುಬಿಡುತ್ತಾರೆ, ತೆಗೆಯೋಕೆ ಬಿಡಬೇಡಿ.

ಬ್ರೇಕ್ ಈಗಿನ ಟ್ರಾಫಿಕ್‌ಗೆ ಸಾಲದು. ಎರಡೂ ಡ್ರಮ್. ಮುಂದಿನ ಗಾಡಿಗೆ ಅಂತರ ಬಿಟ್ಟೇ ಓಡಿಸಬೇಕು. 6 ವೋಲ್ಟ್ ಹೆಡ್‌ಲೈಟ್ ನಂಬಿಕೊಂಡು ರಾತ್ರಿ ಹೆದ್ದಾರಿಗೆ ನಾನು ಹೋಗಲ್ಲ. ಪೆಟ್ರೋಲ್ ಈಗ ದೊಡ್ಡ ತಲೆನೋವು. ಅದರಲ್ಲಿ 20% ಎಥನಾಲ್ ಇದೆ, ಎಥನಾಲ್ ನೀರು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕ್ ತಳದಲ್ಲಿ ನೀರು ಸೇರಿ ಒಳಗಿಂದ ತುಕ್ಕು ಹಿಡಿಯುತ್ತದೆ, ಹಳೇ ರಬ್ಬರ್ ಪೈಪೂ ಮೆತ್ತಗಾಗುತ್ತದೆ. ನನ್ನ ಪೈಪ್, ವಾಷರ್ ಎಲ್ಲ ಬದಲಾಯಿಸಿದ್ದೇನೆ. ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಟ್ಯಾಂಕ್ ಹೊರಗಿನ ಬಣ್ಣದ ಬಗ್ಗೆ ಯೋಚನೆ ಮಾಡುವವರು ಮೊದಲು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಗಾಡಿ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಮೇಲೆ ಶುರುವಾಯಿತು. ಆಮೇಲೆ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಹಾಕಿತು. ಈಗ ಯೆಜ್ಡಿ ಹೆಸರಲ್ಲಿ ಬರುವ ಹೊಸ ಗಾಡಿಗಳು ಬೇರೆಯೇ, ಅದರ ಸಾಮಾನು ಇದಕ್ಕೆ ಆಗಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಎಲ್ಲ ಕಡೆ ಗಾಡಿ ಸೇರಿಸುತ್ತಾರೆ. ಒಂದು ವರ್ಷ ಮೈಸೂರಿಗೆ ಹೋಗಿದ್ದೆ. ಕನ್ನಡಿಯಂಥ ಗಾಡಿಗಳ ಸಾಲಲ್ಲಿ ನನ್ನದನ್ನು ನಿಲ್ಲಿಸಿದೆ. ಆ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದ ಹಿರಿಯರೊಬ್ಬರು ಬಂದು ಬೆರಳಿನ ಗೆಣ್ಣಲ್ಲಿ ಬಲಗಡೆ ಬಾಕ್ಸ್ ತಟ್ಟಿದರು. ಟಣ್ ಅಂತು. ಎಡಗಡೆಯದು ತಟ್ಟಿದರು, ದಡ್ ಅಂತು. "ಒಳಗೆ ಪುಟ್ಟಿ ತುಂಬವ್ರೆ, ಅಲ್ವಾ?" ಅಂತ ಕೇಳಿ, "ಟೂಲ್ ಕಿಟ್ ಇಟ್ಟಿದೀರಾ?" ಅಂದರು. ಇದೆ ಅಂತ ಬಿಚ್ಚಿ ತೋರಿಸಿದೆ. ಅರ್ಧ ಗಂಟೆ ಒಂದೊಂದೇ ಸ್ಪ್ಯಾನರ್ ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದರು.

ದಾಖಲೆ ವಿಚಾರ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಬೇಕು. ನಾನು 2014, 2019, 2024ರಲ್ಲಿ ಮಾಡಿಸಿದೆ. ಎಂಜಿನ್ ನಂಬರ್, ಚಾಸಿ ನಂಬರ್ ಸ್ಪಷ್ಟವಾಗಿ ಕಾಣಬೇಕು. ಹಳೇ ಬಣ್ಣ ತೆಗೆಯೋಕೆ ಮರಳು ಹೊಡೆಸಿ, ದಪ್ಪ ಪೌಡರ್ ಕೋಟಿಂಗ್ ಮಾಡಿಸಿದರೆ ಚಾಸಿ ನಂಬರ್ ಮುಚ್ಚಿಹೋಗಬಹುದು, ಹುಷಾರು. ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಣಿ ಆದ ಗಾಡಿಯನ್ನು ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ನನ್ನದಕ್ಕೆ 2029ಕ್ಕೆ 50 ತುಂಬುತ್ತದೆ. ಆದರೂ ನಾನು ಅದಕ್ಕೆ ಹಾಕಲ್ಲ. ಮಾಮೂಲಿ ನವೀಕರಣವೇ ಸಾಕು, ನನಗೆ ದಿನಾ ಓಡಿಸಬೇಕು.

ಪೂರ್ತಿ ಬಿಚ್ಚಿಸಿ ಹೊಸದು ಮಾಡಿಸೋದು ತಪ್ಪು ಅಂತ ನಾನು ಹೇಳಲ್ಲ. ಗುಜರಿಯಲ್ಲಿ ಸಿಕ್ಕ ಗಾಡಿ, ಆಗಲೇ ನಾಲ್ಕು ಸಲ ಬಣ್ಣ ಬದಲಾಗಿದೆ, ಮಡ್‌ಗಾರ್ಡ್ ಬೇರೆಯದು, ಟ್ಯಾಂಕ್ ತೂತು ಅಂದರೆ ಅಲ್ಲಿ ಉಳಿಸೋಕೆ ಏನೂ ಇಲ್ಲ. ಧೈರ್ಯವಾಗಿ ಮಾಡಿಸಿ, ಚೆನ್ನಾಗಿ ಮಾಡಿಸಿ. ಆದರೆ ಕಾರ್ಖಾನೆ ಬಣ್ಣ ಅರ್ಧದಷ್ಟಾದರೂ ಇದ್ದರೆ, ಒಂದೇ ಮನೆಯಲ್ಲಿ ಓಡಿದ ಗಾಡಿ ಆಗಿದ್ದರೆ, ಬಿಚ್ಚೋ ಮುಂಚೆ ಹಗಲು ಬೆಳಕಲ್ಲಿ ನಾಲ್ಕೂ ಕಡೆ ಫೋಟೋ ತೆಗೆಯಿರಿ. ಮನೆಯವರನ್ನು ಕೂರಿಸಿಕೊಂಡು ಒಂದೊಂದು ಗುರುತೂ ಎಲ್ಲಿಂದ ಬಂತು ಅಂತ ಕೇಳಿ. ಬಲಗಡೆ ಫುಟ್‌ರೆಸ್ಟ್ ಯಾಕೆ ಬಗ್ಗಿದೆ ಅಂತ ನಾನು ಅಮ್ಮನನ್ನು ಕೇಳಿದ್ದೇ ಹೋದ ವರ್ಷ. ಬಾಣಾವರದ ಹತ್ತಿರ ಎಮ್ಮೆ ಅಡ್ಡ ಬಂದು ಅಪ್ಪ ಅಮ್ಮ ಇಬ್ಬರೂ ಬಿದ್ದಿದ್ದರಂತೆ. ನಾನಿನ್ನೂ ಹುಟ್ಟಿರಲಿಲ್ಲ. ಸಾಬರು ಅದನ್ನು ನೇರ ಮಾಡಿಕೊಡುತ್ತೇನೆ ಅಂದಿದ್ದರು, ಬೇಡ ಅಂದೆ. ಕಾಲಿಡೋಕೆ ತೊಂದರೆ ಇಲ್ಲ.

ಸದ್ಯಕ್ಕೆ ಮುಂದಿನ ಫೋರ್ಕ್‌ನ ಎಡಗಡೆ ಆಯಿಲ್ ಸೋರುತ್ತಿದೆ. ಸೀಲ್ ಒಂದು ಜೊತೆ ತಂದಿಟ್ಟಿದ್ದೇನೆ. ಆಯುಧಪೂಜೆ ಒಳಗೆ ಹಾಕಿಸಬೇಕು.