ಗಂಗಾವತಿ ಪ್ರಾಣೇಶರ ಹಾಸ್ಯ ಸಂಜೆ: ಮಲೆನಾಡಿನಲ್ಲಿ ಕೇಳುವ ಬಗೆ

ಗಂಗಾವತಿ ಪ್ರಾಣೇಶರ ಮಾತು ಕೇಳಿ ಬಂದವರೆಲ್ಲ "ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು" ಅಂತಾರೆ. ನಿಜವೇ. ಅವರ ಮಾತಿನ ನಿಜವಾದ ಬೆಲೆ ಇರುವುದು ನಗು ಇಳಿದ ಮೇಲಿನ ಎರಡು ಸೆಕೆಂಡಿನಲ್ಲಿ. ಚಪ್ಪಾಳೆ ನಿಂತು, ಇನ್ನೊಂದು ಮಾತು ಶುರುವಾಗುವ ಮೊದಲು, "ಅಯ್ಯೋ, ಇದು ನಮ್ಮ ಮನೆಯದೇ ಕಥೆಯಲ್ವಾ" ಅಂತ ಕೇಳುಗನಿಗೆ ಹೊಳೆಯುವುದು ಆಗಲೇ. ಆ ಬಿಡುವನ್ನು ಅವರಷ್ಟು ಹದವಾಗಿ ಬಳಸುವವರು ಕನ್ನಡದ ವೇದಿಕೆಯಲ್ಲಿ ಬಹಳ ಕಡಿಮೆ.

ಹೆಸರಿನ ನಡುವೆ "ಬೀಚಿ" ಅಂತ ಸೇರಿಸಿಕೊಂಡವರು ಅವರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಬೀಚಿ ಎಂಬ ಹೆಸರಿನಲ್ಲಿ ಹಾಸ್ಯ ಬರೆದು, ತಿಮ್ಮನೆಂಬ ಪಾತ್ರದ ಬಾಯಲ್ಲಿ ದೊಡ್ಡವರ ದೊಡ್ಡಸ್ತಿಕೆಯನ್ನೆಲ್ಲ ಬಿಚ್ಚಿಟ್ಟವರು. ಆ ಗುಣ ಪ್ರಾಣೇಶರಿಗೂ ಬಂದಿದೆ. ಹಳ್ಳಿಯ ಬಸ್ಸು, ಮದುವೆಮನೆ, ಶಾಲೆಯ ಮೇಷ್ಟ್ರು, ಮಕ್ಕಳ ಇಂಗ್ಲಿಷ್ ಹುಚ್ಚು, ಅದಕ್ಕಿಂತ ಹೆಚ್ಚಾಗಿ ಅಪ್ಪ-ಅಮ್ಮನ ಇಂಗ್ಲಿಷ್ ಹುಚ್ಚು: ವಿಷಯಗಳು ಇಷ್ಟೇ. ಕಟ್ಟುವ ರೀತಿಯಲ್ಲಿ ಕಸುಬು ಇದೆ. ಮೊದಲು ಯಾರನ್ನೋ ತೋರಿಸಿ ಎಲ್ಲರನ್ನೂ ನಗಿಸುವುದು. ಅದನ್ನೇ ಇನ್ನೊಮ್ಮೆ, ಸ್ವಲ್ಪ ಹಿಗ್ಗಿಸಿ. ಮೂರನೇ ಸಲ ದಾರಿ ತಿರುಗಿ, ಅದೇ ಮಾತು ಕೂತವನ ತೊಡೆಯ ಮೇಲೆ ಬಂದು ಬೀಳುತ್ತದೆ. ನಗುತ್ತಾ ಬಾಯಿ ತೆರೆದವನಿಗೆ ಮುಚ್ಚಿಕೊಳ್ಳಲು ಹೊತ್ತಿರುವುದಿಲ್ಲ. ಉಪದೇಶವಾಗಿ ಹೇಳಿದ್ದರೆ ಎದ್ದು ಹೋಗುತ್ತಿದ್ದ ಮಾತು, ಹೀಗೆ ಬಂದರೆ ಮನೆತನಕ ಜೊತೆಗೆ ಬರುತ್ತದೆ.

ಶಿವಮೊಗ್ಗದವರಿಗೆ ಅವರ ಉತ್ತರ ಕರ್ನಾಟಕದ ಭಾಷೆ ಕಷ್ಟವಾಗುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಮೊದಲ ಐದು ನಿಮಿಷ ಮಾತ್ರ. "ಹೌದಲ್ರೀ", "ಅಕಿ", "ಚಲೋ" ಎಲ್ಲ ಕಿವಿಗೆ ಕೂತ ಮೇಲೆ, ಆ ಕನ್ನಡದ ಓಟವೇ ನಗುವಿನ ಅರ್ಧ ಕೆಲಸ ಮಾಡುತ್ತದೆ. ಅಲ್ಲದೆ ತಾಳಮದ್ದಳೆ ಕೇಳಿ ಬೆಳೆದ ನಾಡು ಇದು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನಲ್ಲೇ ಕೃಷ್ಣನನ್ನೂ ಕೌರವನನ್ನೂ ಎದುರಿಗೆ ನಿಲ್ಲಿಸುವುದನ್ನು ರಾತ್ರಿಯೆಲ್ಲ ಕೂತು ಕೇಳಿದವರಿಗೆ, ಒಬ್ಬನೇ ನಿಂತು ಮಾತಾಡುವ ಹಾಸ್ಯ ಹೊಸದಲ್ಲ. ಒಂದು ವ್ಯತ್ಯಾಸವಿದೆ. ಮಲೆನಾಡಿನವರು ನಗುವನ್ನು ಒಳಗೇ ಒಂದು ಸುತ್ತು ಸುತ್ತಿಸಿ ಹೊರಗೆ ಬಿಡುತ್ತಾರೆ. ಪ್ರಾಣೇಶರಿಗೆ ಕಾಯುವುದು ಗೊತ್ತು, ಹಾಗಾಗಿ ಇಲ್ಲಿ ಅವರ ಮಾತು ಚೆನ್ನಾಗಿ ಒಗ್ಗುತ್ತದೆ.

ಆದರೆ ಆ ಬಿಡುವನ್ನು ಕೊಲ್ಲುವ ಸಂಗತಿಗಳು ನಮ್ಮಲ್ಲಿ ಹತ್ತಾರಿವೆ. ಇಂಥ ಹಾಸ್ಯ ಸಂಜೆ ಏರ್ಪಡಿಸುವ ಸಂಘದವರು ಇದನ್ನು ದಯವಿಟ್ಟು ಗಮನಿಸಬೇಕು.

ಮೊದಲನೆಯದು ಎಕೋ. ಹಿಂದಿನ ದಿನ ಆರ್ಕೆಸ್ಟ್ರಾಗೆ ಇಟ್ಟ ಎಕೋವನ್ನು ಮೈಕಿನವರು ಹಾಗೇ ಬಿಟ್ಟಿರುತ್ತಾರೆ. ಹಾಡಿಗೆ ಅದು ಚೆಂದ. ಮಾತಿಗೆ ಬಂದರೆ ಒಂದು ಪದದ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ, ಮಾತು ನಿಂತದ್ದೇ ಗೊತ್ತಾಗುವುದಿಲ್ಲ. ಪೂರ್ತಿ ಆಫ್ ಮಾಡಿಸಿ. ಬೇಸ್ ಇಳಿಸಿ. ಮೈಕು ಬಾಯಿಂದ ಮೂರು-ನಾಲ್ಕು ಬೆರಳು ದೂರವಿರಲಿ.

ಬಯಲಿನಲ್ಲಾದರೆ ಸಮಸ್ಯೆ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ವೈರಿನಲ್ಲಿ ಬರುವ ಸಿಗ್ನಲ್ ಕ್ಷಣಮಾತ್ರದಲ್ಲಿ ತಲುಪುತ್ತದೆ. ವೇದಿಕೆಯಿಂದ 70 ಮೀಟರ್ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ಕಟ್ಟಿದರೆ, ಅಲ್ಲಿ ಕೂತವರಿಗೆ ಹತ್ತಿರದ ದನಿ ಮೊದಲು, ವೇದಿಕೆಯ ದನಿ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಕೇಳುತ್ತದೆ. ಎರಡೆರಡು ಪ್ರಾಣೇಶರು ಮಾತಾಡಿದ ಹಾಗೆ. ಹಿಂದಿನ ಸ್ಪೀಕರಿಗೆ ಮೀಟರಿಗೆ ಮೂರು ಮಿಲಿಸೆಕೆಂಡ್ ಲೆಕ್ಕದಲ್ಲಿ ಡಿಲೇ ಕೊಡಬೇಕು, ಅಂದರೆ ದನಿಯನ್ನು ಅಷ್ಟು ತಡಮಾಡಿ ಬಿಡಬೇಕು. ಆ ಸೌಲಭ್ಯವಿಲ್ಲದಿದ್ದರೆ ಮುಂದಿನ ಎರಡನ್ನೇ ಹತ್ತಡಿ ಎತ್ತರಕ್ಕೆ ಏರಿಸಿ, ಜನರತ್ತ ಬಾಗಿಸಿ ಕಟ್ಟುವುದು ಮೇಲು. ಡಿಸೆಂಬರ್, ಜನವರಿಯಲ್ಲಿ ಬಯಲಿನ ಕಾರ್ಯಕ್ರಮ ಬೇಗ ಶುರುವಾಗಲಿ. ರಾತ್ರಿ ಎಂಟೂವರೆ ದಾಟಿ ಮಂಜು ಇಳಿಯಿತೆಂದರೆ ಅರ್ಧ ಸಭೆ ಮಫ್ಲರ್ ಕಟ್ಟಿಕೊಂಡು ಕಿವಿ ಮುಚ್ಚಿರುತ್ತದೆ. ಮಳೆಗಾಲದಲ್ಲಿ ತಗಡಿನ ಶೀಟಿನ ಸಭಾಭವನ ಬೇಡವೇ ಬೇಡ. ಜಡಿಮಳೆ ಹಿಡಿದರೆ ಯಾವ ಸ್ಪೀಕರೂ ಗೆಲ್ಲುವುದಿಲ್ಲ. ಊರಲ್ಲಿ ಕುವೆಂಪು ರಂಗಮಂದಿರದಂಥ ಮುಚ್ಚಿದ ರಂಗಮಂದಿರವಿರುವಾಗ ಅದನ್ನೇ ಹಿಡಿಯುವುದು ಕ್ಷೇಮ.

ದೀಪಗಳ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ನಾಟಕದ ಹಾಗೆ ಸಭಾಂಗಣವನ್ನು ಕತ್ತಲು ಮಾಡಬಾರದು. ಪಕ್ಕದವರು ನಗುವುದು ಕಂಡರೆ ನಗು ಹಬ್ಬುತ್ತದೆ, ಪಕ್ಕದವರು ಥಟ್ಟನೆ ಸುಮ್ಮನಾದದ್ದು ಕಂಡರೆ ಯೋಚನೆಯೂ ಹಬ್ಬುತ್ತದೆ. ಅರ್ಧ ದೀಪ ಉರಿಯುತ್ತಿರಲಿ.

ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಸಾಲಿನ ಸೋಫಾ. ಗಣ್ಯರಿಗೆಂದು ಎರಡು ಸಾಲು ಕಾಯ್ದಿಟ್ಟು, ಅವರು ಶಾಲು, ಅಡಿಕೆ ಹಾರ ಹಾಕಿಸಿಕೊಂಡು ಅರ್ಧಕ್ಕೇ ಎದ್ದು ಹೋದರೆ, ಮಾತುಗಾರನ ಎದುರಿಗೆ ಉಳಿಯುವುದು ಖಾಲಿ ಕುರ್ಚಿ. ಸನ್ಮಾನ ಹದಿನೈದು ನಿಮಿಷದಲ್ಲಿ ಮುಗಿಯಲಿ, ಆಮೇಲೆ ಆ ಸಾಲಿಗೆ ಮಕ್ಕಳನ್ನೂ ಅಜ್ಜಿಯರನ್ನೂ ಕೂರಿಸಿ. ಸಾಗರ, ತೀರ್ಥಹಳ್ಳಿ ಕಡೆಗೆ ಹಿಂತಿರುಗುವವರು ಕೊನೆಯ ಬಸ್ಸಿನ ಚಿಂತೆಯಲ್ಲಿ ಗಡಿಯಾರ ನೋಡುತ್ತಾ ಕೂತರೆ ಮಾತು ಒಳಗಿಳಿಯುವುದಿಲ್ಲ. ಸಂಜೆ ಐದೂವರೆಗೆ ಶುರು ಅಂದರೆ ಐದೂವರೆಗೇ ಶುರುವಾಗಬೇಕು. ಸೀಟು ಆರಿಸುವ ಅವಕಾಶವಿದ್ದರೆ ನಾಲ್ಕರಿಂದ ಎಂಟನೇ ಸಾಲಿನ ನಡುಭಾಗ. ಅವರ ಮುಖವೂ ಕಾಣುತ್ತದೆ, ಸುತ್ತಲಿನ ನಗುವೂ ಸಿಗುತ್ತದೆ.

ಕೊರತೆಯೂ ಇದೆ. ಯೂಟ್ಯೂಬಿನಲ್ಲಿ ಬಹಳಷ್ಟು ಕೇಳಿದವರಿಗೆ ಕೆಲವು ಪ್ರಸಂಗಗಳು ಮೊದಲೇ ಗೊತ್ತಿರುತ್ತವೆ. ಗಂಡ-ಹೆಂಡತಿ ಜೋಕು ಕನ್ನಡ ಹಾಸ್ಯ ವೇದಿಕೆಯ ಸವಕಲು ನಾಣ್ಯ. ಅದು ಬಂದಾಗ ನಗು ಬರುತ್ತದೆ, ಯೋಚನೆ ಬರುವುದಿಲ್ಲ. ಅವರ ಶಕ್ತಿ ಇರುವುದು ಮಕ್ಕಳು, ಓದು, ಭಾಷೆ, ನಮ್ಮ ತೋರಿಕೆಯ ಬದುಕು, ಇವುಗಳ ಬಗ್ಗೆ ಮಾತಾಡುವಾಗ.

ಧ್ವನಿಮುದ್ರಣದಲ್ಲಿ ಕೇಳುವುದಾದರೆ ಮೂವತ್ತು ಸೆಕೆಂಡಿನ ತುಣುಕು ಬೇಡ. ಅದರಲ್ಲಿ ನಗು ಇರುತ್ತದೆ, ತಿರುವು ಕತ್ತರಿಸಿ ಹೋಗಿರುತ್ತದೆ. ಒಂದು ಗಂಟೆಯ ಪೂರ್ತಿ ಭಾಷಣ ಹಾಕಿ, ವೇಗ ಹೆಚ್ಚಿಸದೆ ಕೇಳಿ. ಒಂದೂವರೆ ಪಟ್ಟು ಓಡಿಸಿದರೆ ಮೊದಲು ಸಾಯುವುದು ಆ ಬಿಡುವೇ. ಇದಕ್ಕೆ ಮಲೆನಾಡಿನಲ್ಲಿ ಹೇಳಿ ಮಾಡಿಸಿದ ಜಾಗವೆಂದರೆ ಕೊಯ್ಲಿನ ಕಾಲದ ಅಡಿಕೆ ಚಪ್ಪರ. ಹಸಿ ಅಡಿಕೆ ಕೊಯ್ದ ರಾತ್ರಿಯೇ ಸುಲಿದು ಮುಗಿಸಬೇಕು, ಕೈಗೆ ಕೆಲಸ, ಕಿವಿ ಖಾಲಿ. ಮೊಬೈಲನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿಟ್ಟರೆ ದನಿ ದೊಡ್ಡದಾಗುತ್ತದೆ, ಆದರೆ ಗಣಗಣ ಅನ್ನುತ್ತದೆ. ಮರದ ಪೆಟ್ಟಿಗೆಯಲ್ಲಿಟ್ಟರೆ ಮಾತು ಸ್ಪಷ್ಟ. ನಗುವಾಗ ಮಾತ್ರ ಮೆಟ್ಟುಗತ್ತಿಯಿಂದ ಬೆರಳು ಹಿಂದಕ್ಕಿರಲಿ. ಹತ್ತು ಕತ್ತಿಗಳ ಚಟಚಟ ಸದ್ದು ಒಮ್ಮೆಗೇ ನಿಂತಿತೆಂದರೆ, ಆ ಮೂರನೇ ಸಲದ ತಿರುವು ಬಂತೆಂದು ಲೆಕ್ಕ.